ಚಳಿ ನಾಡಿಗೂ ನುಗ್ಗಿದ ಚಂಡಮಾರುತ: ‘ಫಿಯೋನಾ’ ಅಷ್ಟು ಹಾನಿ ಮಾಡಿದ್ದು ಹೇಗೆ?

ಚಂಡಮಾರುತ ಅಂದ್ರೆ ಬಿಸಿ ಸಮುದ್ರದ ಪಕ್ಕದ ಊರುಗಳ ತಲೆನೋವು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಆದರೆ 2022ರ ಸೆಪ್ಟೆಂಬರ್ 24ರ ನಸುಕಿನಲ್ಲಿ ‘ಫಿಯೋನಾ’ ಅಪ್ಪಳಿಸಿದ್ದು ಹಿಮ ಬೀಳುವ ಕೆನಡಾದ ಪೂರ್ವ ಕರಾವಳಿಗೆ. ನೋವಾ ಸ್ಕೋಷಿಯಾದ ಅರಿಸೇಗ್ ಎಂಬಲ್ಲಿ ಗಂಟೆಗೆ 179 ಕಿ.ಮೀ. ವೇಗದ ಗಾಳಿ ದಾಖಲಾಯಿತು. 5 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ನ್ಯೂಫೌಂಡ್‌ಲ್ಯಾಂಡ್‌ನ ಪೋರ್ಟ್ ಓ ಬಾಸ್ಕ್ ಪಟ್ಟಣದಲ್ಲಿ ಹತ್ತಾರು ಮನೆಗಳು ಹಾಳಾದವು, ಒಬ್ಬ ಮಹಿಳೆ ಅಲೆಗಳ ಪಾಲಾದರು.

ಅಷ್ಟು ದೂರ ಬಂದಿದ್ದು ಹೇಗೆ?

ಚಂಡಮಾರುತಕ್ಕೆ ಬಿಸಿ ನೀರೇ ಇಂಧನ. ತಣ್ಣೀರಿನ ಮೇಲೆ ಬಂದಾಗ ಅದು ಸಾಮಾನ್ಯವಾಗಿ ಸೊರಗುತ್ತೆ. ಆದರೆ ಫಿಯೋನಾ ವೇಗವಾಗಿ ಉತ್ತರಕ್ಕೆ ಓಡಿತು, ಸೊರಗೋಕೆ ಸಮಯವೇ ಸಿಗಲಿಲ್ಲ. ಜೊತೆಗೆ ಉತ್ತರದ ತಂಪು ಹವೆಯ ವ್ಯವಸ್ಥೆಯೊಂದು ಅದರೊಂದಿಗೆ ಸೇರಿಕೊಂಡು ಹೊಸ ಬಲ ಕೊಟ್ಟಿತು. ಹೀಗಾದಾಗ ಗಾಳಿಯ ಹರವು ನೂರಾರು ಕಿ.ಮೀ.ಗೆ ಹಿಗ್ಗುತ್ತೆ. ದಡ ಮುಟ್ಟುವ ಹೊತ್ತಿಗೆ ತಾಂತ್ರಿಕವಾಗಿ ಅದು ‘ಹರಿಕೇನ್’ ಆಗಿರಲಿಲ್ಲ. ಹೆಸರು ಬದಲಾಯ್ತೇ ಹೊರತು ಏಟು ಕಡಿಮೆ ಆಗಲಿಲ್ಲ.

ಮರಗಳು ಯಾಕೆ ಉರುಳಿದವು?

ಅಲ್ಲಿ ದೊಡ್ಡ ಬಿರುಗಾಳಿ ಬೀಸೋದು ಹೆಚ್ಚಾಗಿ ಚಳಿಗಾಲದಲ್ಲಿ. ಆಗ ಅನೇಕ ಮರಗಳಲ್ಲಿ ಎಲೆಯೇ ಇರಲ್ಲ, ಗಾಳಿ ನಡುವೆ ತೂರಿ ಹೋಗುತ್ತೆ. ಸೆಪ್ಟೆಂಬರ್‌ನಲ್ಲಿ ಮರ ತುಂಬಾ ಎಲೆ, ಹಾಯಿ ಬಿಚ್ಚಿದ ದೋಣಿಯ ಹಾಗೆ. ಮಳೆಗೆ ನೆಲ ಮೆತ್ತಗಾಗಿತ್ತು. ಅಲ್ಲಿ ಹೆಚ್ಚಿರುವ ಸ್ಪ್ರೂಸ್ ಮರಗಳ ಬೇರು ಆಳಕ್ಕಿಳಿಯಲ್ಲ. ಮರ ಬಿದ್ದಲ್ಲಿ ತಂತಿ ಹರಿಯಿತು, ರಸ್ತೆ ಮುಚ್ಚಿತು, ರಿಪೇರಿ ವಾಹನವೂ ನಿಂತಿತು. 2003ರಲ್ಲಿ ‘ಹುವಾನ್’ ಚಂಡಮಾರುತ ಬಂದಾಗಲೂ ಹ್ಯಾಲಿಫ್ಯಾಕ್ಸ್‌ನ ಪಾಯಿಂಟ್ ಪ್ಲೆಸೆಂಟ್ ಪಾರ್ಕ್‌ನ ಬಹುಪಾಲು ಮರಗಳು ನೆಲಕ್ಕುರುಳಿದ್ದವು.

ಗಾಳಿಯ ಲೆಕ್ಕ ಬೇರೆ

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು! 60 ಕಿ.ಮೀ. ಗಾಳಿ ತಡೆದ ಶೀಟು 120 ಕಿ.ಮೀ.ಗೂ ತಡೆಯುತ್ತೆ ಅನ್ನೋ ಭರವಸೆ ಬೇಡ. ಗಾಳಿ ಚಾವಣಿಯನ್ನು ಬರೀ ತಳ್ಳಲ್ಲ, ಮೇಲಕ್ಕೆ ಎತ್ತುತ್ತೆ. ಶಟರ್ ಅಥವಾ ಕಿಟಕಿ ಒಡೆದು ಗಾಳಿ ಒಳಗೆ ನುಗ್ಗಿದರಂತೂ ಕೆಳಗಿನಿಂದಲೂ ಒತ್ತಡ ಬೀಳುತ್ತೆ. ಭಾರ ಇದ್ದರೆ ಸಾಲದು, ಚಾವಣಿಯನ್ನು ಗೋಡೆಗೆ ಬಿಗಿಯಾಗಿ ಕಟ್ಟಿರಬೇಕು.

ವ್ಯಾಪಾರಿಗಳಿಗೆ ಬಿದ್ದ ಏಟು

ಬಿರುಗಾಳಿ ಒಂದೇ ದಿನದ್ದು, ಆದರೆ ಕೆಲವೆಡೆ ಕರೆಂಟ್ ಬರೋಕೆ ಎರಡು ವಾರ ದಾಟಿತು. ಫ್ರಿಜ್‌ನಲ್ಲಿದ್ದ ಮಾಲು ಕೆಟ್ಟಿತು. ಮೊಬೈಲ್ ನೆಟ್‌ವರ್ಕ್ ಕೂಡ ಕೈಕೊಟ್ಟಿತು. ಕರೆಂಟೂ ನೆಟ್‌ವರ್ಕೂ ಇಲ್ಲದ ಮೇಲೆ ಕಾರ್ಡ್ ಉಜ್ಜೋದೆಲ್ಲಿಂದ ಬಂತು? ಇನ್ನೊಂದು ಪಾಠ ವಿಮೆಯದ್ದು. ಅಲ್ಲಿನ ಸಾಮಾನ್ಯ ಮನೆ ವಿಮೆ ಗಾಳಿಯ ಹಾನಿಗೆ ದುಡ್ಡು ಕೊಡುತ್ತೆ, ಸಮುದ್ರ ಉಕ್ಕಿ ಬಂದ ಹಾನಿಗೆ ಕೊಡಲ್ಲ. ಮನೆ ಕಳೆದುಕೊಂಡ ಅನೇಕರು ಸರ್ಕಾರದ ಪರಿಹಾರಕ್ಕೆ ಕಾಯಬೇಕಾಯಿತು.

ನಮಗೇನು?

ಮುಂಗಾರಿಗೆ ಮುಂಚಿನ ಗಾಳಿ-ಮಳೆಗೆ ನಮ್ಮಲ್ಲೂ ಶೀಟು ಹಾರುತ್ತೆ, ಕಂಬ ಬೀಳುತ್ತೆ. ಗಾಳಿಯ ಲೆಕ್ಕ ಎಲ್ಲಾ ಊರಿಗೂ ಒಂದೇ. ಅಂಗಡಿಯ ಶೀಟಿನ ಬೋಲ್ಟ್, ಮುಂದಿನ ಬೋರ್ಡು ಬಿಗಿ ಇದೆಯಾ ನೋಡಿ. ತಂತಿಗೆ ತಾಗುವ ಕೊಂಬೆ ಇದ್ದರೆ ನೀವೇ ಕತ್ತರಿಸೋಕೆ ಹೋಗಬೇಡಿ, ವಿದ್ಯುತ್ ಇಲಾಖೆಗೆ ತಿಳಿಸಿ. ಜನರೇಟರ್ ಅಂಗಡಿಯ ಒಳಗೆ ಓಡಿಸಬೇಡಿ, ಅದರ ಹೊಗೆ ಜೀವ ತೆಗೆಯುತ್ತೆ. ಗಲ್ಲಾದಲ್ಲಿ ಸ್ವಲ್ಪ ಚಿಲ್ಲರೆ ಇರಲಿ. ಅಂಗಡಿಯ ವಿಮೆಯಲ್ಲಿ ಬಿರುಗಾಳಿ, ಪ್ರವಾಹ ಎರಡೂ ಸೇರಿವೆಯಾ ಅಂತ ಇವತ್ತೇ ಒಮ್ಮೆ ಕೇಳಿ. ‘ನಮ್ಮೂರಿಗೆಲ್ಲಿ ಬರುತ್ತೆ’ ಅನ್ನೋ ಮಾತನ್ನು ಚಳಿ ನಾಡಿನವರೂ ಆಡ್ತಿದ್ದರು.