ಶಾಂಪೂವಿಗೂ ಇದೆ ಉಪ್ಪಿನ ಋಣ

ಪೀಣ್ಯದ ಆ ಶೆಡ್ಡಿನಲ್ಲಿ, ಸ್ಟೀಲ್ ವೆಸೆಲ್‌ನೊಳಗೆ ತಿರುಗುತ್ತಿದ್ದುದು ಶಾಂಪೂ ಎಂದರೆ ನಂಬುವುದು ಕಷ್ಟವಾಗಿತ್ತು. ಬಣ್ಣ ಬಂದಿತ್ತು, ಮಲ್ಲಿಗೆಯ ಪರಿಮಳ ಬಂದಿತ್ತು, ನೊರೆಗೂ ಕೊರತೆಯಿರಲಿಲ್ಲ. ಆದರೆ ಮಗ್ಗಿನಲ್ಲಿ ಮೊಗೆದು ಹೊಯ್ದರೆ ಬರೀ ನೀರು. ಇದನ್ನೇ ಬಾಟಲಿಗೆ ತುಂಬಿ ಅಂಗಡಿಗೆ ಕಳಿಸಿದರೆ ಕೊಂಡವರು ಮೋಸ ಎಂದು ವಾಪಸು ತಂದು ಬಡಿಯುವುದು ಗ್ಯಾರಂಟಿ. ಅಷ್ಟರಲ್ಲಿ ಆಪರೇಟರ್ ಒಂದು ಬಕೆಟ್ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅದರಲ್ಲಿ ಇದ್ದದ್ದು ಉಪ್ಪು ಕರಗಿಸಿದ ನೀರು. ಅಡುಗೆಮನೆಯ ಡಬ್ಬಿಯಲ್ಲಿರುವ ಅದೇ ಸೋಡಿಯಂ ಕ್ಲೋರೈಡ್. ಅಯೋಡಿನ್ ಒಂದಿಲ್ಲ, ಅಷ್ಟೆ.

"ಒಂದೇ ಸಲ ಸುರೀಬೇಡಿ ಅಣ್ಣ, ಸ್ವಲ್ಪ ಸ್ವಲ್ಪ ಬಿಡಿ" ಎಂದು ಕೆಮಿಸ್ಟ್ ಮೇಡಂ ಕೆಳಗಿನಿಂದಲೇ ಕೂಗಿದರು. ಅವರು ಹಾಗೆಯೇ ಬಿಟ್ಟರು. ತುಸು ಹೊತ್ತಿಗೆ ಸ್ಟಿರರ್‌ನ ಮೋಟಾರಿನ ಸದ್ದು ಬದಲಾಯಿತು, ಭಾರ ಎಳೆಯುವ ದನಿ ಬಂತು. ಮತ್ತೆ ಮಗ್ಗಿನಲ್ಲಿ ಮೊಗೆದು ಹೊಯ್ದರೆ ದಪ್ಪ ಎಳೆಯೊಂದು ಅವಸರವಿಲ್ಲದೆ ಇಳಿಯತೊಡಗಿತು. ಜಾಹೀರಾತಿನಲ್ಲಿ ಅಂಗೈ ಮೇಲೆ ಬಿದ್ದು ಹೊಳೆಯುತ್ತದಲ್ಲ, ಆ ಶ್ರೀಮಂತ ಶಾಂಪೂ ನನ್ನ ಕಣ್ಣೆದುರೇ ಹುಟ್ಟಿತ್ತು, ಒಂದು ಬಕೆಟ್ ಉಪ್ಪುನೀರಿನಿಂದ.

"ಇನ್ನೂ ಹಾಕಿದರೆ ಇನ್ನೂ ಗಟ್ಟಿಯಾಗುತ್ತದಾ?" ಎಂದು ಕೇಳಿದೆ. ಮೇಡಂ ಉತ್ತರ ಕೊಡಲಿಲ್ಲ. ಒಂದು ಬೀಕರ್‌ಗೆ ಅದೇ ಶಾಂಪೂ ತೆಗೆದುಕೊಂಡು ಲ್ಯಾಬಿಗೆ ನಡೆದರು. ಹನಿಹನಿಯಾಗಿ ಉಪ್ಪುನೀರು ಬಿಡುತ್ತ ಗಾಜಿನ ಕಡ್ಡಿಯಿಂದ ಕಲಕಿದರು. ಮೊದಲು ಗಟ್ಟಿಯಾಯಿತು. ಕಡ್ಡಿ ಎತ್ತಿದರೆ ಬೀಕರೇ ಜೊತೆಗೆ ಬರುವುದೇನೋ ಎನ್ನುವಷ್ಟು ಗಟ್ಟಿ. ಮತ್ತೆ ಬಿಟ್ಟರು. ಸಡಿಲವಾಯಿತು. ಇನ್ನೂ ಬಿಟ್ಟರು. ಮೊದಲಿನ ನೀರಿಗೇ ಬಂದು ನಿಂತಿತು. "ಹುಡುಗರು ಅವಸರದಲ್ಲಿ ಉಪ್ಪು ಜಾಸ್ತಿ ಮಾಡಿದ್ರೆ ಹೀಗೇ ಆಗೋದು. ಹಾಕಿದ ಉಪ್ಪನ್ನ ವಾಪಸ್ ತೆಗೆಯೋಕಾಗಲ್ಲ. ಉಪ್ಪಿಲ್ಲದ ಇನ್ನೊಂದು ಬ್ಯಾಚ್ ಮಾಡಿ ಅದರಲ್ಲಿ ಬೆರೆಸ್ಕೊಂಡು ಹೋಗ್ಬೇಕು" ಎಂದರು. ಗೋಡೆಗೆ ಅಂಟಿಸಿದ್ದ ಗ್ರಾಫಿನಲ್ಲಿ ಒಂದು ಗುಡ್ಡದ ಆಕಾರವಿತ್ತು: ಏರು, ಶಿಖರ, ಇಳಿಜಾರು. ಈ ಉದ್ಯಮದವರು ಅದನ್ನು 'ಸಾಲ್ಟ್ ಕರ್ವ್' ಎನ್ನುತ್ತಾರೆ. ಶಾಂಪೂ ಕುರಿತು ಬರೆಯಲೆಂದು ಹೋದ ನಾನು ಅಂದಿನಿಂದ ಈ ಗುಡ್ಡದ ಬೆನ್ನು ಬಿದ್ದಿದ್ದೇನೆ.

ಬಾಟಲಿಯ ಒಳಗಿರುವುದು

ಮಾಮೂಲಿ ಶಾಂಪೂವಿನ ಬಹುಪಾಲು ನೀರು. ಹೆಚ್ಚೂಕಡಿಮೆ ಶೇ 80. ಕೊಳೆ ತೆಗೆಯುವ ಕೆಲಸ ಮುಖ್ಯವಾಗಿ ಸೋಡಿಯಂ ಲಾರೆತ್ ಸಲ್ಫೇಟ್‌ನದು. ಉದ್ಯಮದಲ್ಲಿ ಎಸ್‌ಎಲ್‌ಇಎಸ್ ಎಂದೇ ಅದರ ಹೆಸರು. ಶೇ 70ರ ಸಾಂದ್ರತೆಯ ಬಿಳಿ ಪೇಸ್ಟ್ ಆಗಿ ಡ್ರಮ್ಮಿನಲ್ಲಿ ಬರುತ್ತದೆ. ಅದರ ಒರಟುತನ ತಗ್ಗಿಸಲು ತೆಂಗಿನೆಣ್ಣೆ ಮೂಲದ ಕೊಕಾಮಿಡೊಪ್ರೊಪಿಲ್ ಬೀಟೈನ್. ಮುತ್ತಿನ ಹೊಳಪಿಗೆ ಗ್ಲೈಕಾಲ್ ಡೈಸ್ಟಿಯರೇಟ್. ಆಮ್ಲೀಯತೆಯನ್ನು ಚರ್ಮಕ್ಕೆ ಹೊಂದುವಂತೆ ಪಿಎಚ್ 5.5ರ ಆಸುಪಾಸಿಗೆ ತರಲು ಸಿಟ್ರಿಕ್ ಆಮ್ಲ. ಇಷ್ಟು ನೀರಿದ್ದ ಮೇಲೆ ಬ್ಯಾಕ್ಟೀರಿಯಾ, ಬೂಷ್ಟು ಬರದಂತೆ ಪ್ರಿಸರ್ವೇಟಿವ್ ಬೇಕೇ ಬೇಕು. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಬೇಕೆಂದೇ ಶಾಂಪೂವಿನೊಳಗೆ ಬ್ಯಾಕ್ಟೀರಿಯಾ ಬಿಟ್ಟು 28 ದಿನ ಎಣಿಸುತ್ತಾರೆ. ಪರಿಮಳ, ಬಣ್ಣ ಸೇರಿದರೆ ಮುಗಿಯಿತು. ಗಿಡಮೂಲಿಕೆಯ ಮಾತು ಎಲ್ಲಿ ಎನ್ನುತ್ತೀರಾ? ಬರುತ್ತೇನೆ.

ಉಪ್ಪು ಈ ಪಟ್ಟಿಗೆ ಎರಡು ದಾರಿಯಿಂದ ಬರುತ್ತದೆ. ಆಪರೇಟರ್ ಬಕೆಟ್ಟಿನಲ್ಲಿ ತಂದದ್ದು ಒಂದು. ಬೀಟೈನ್ ತಯಾರಾಗುವಾಗಲೇ ಉಪಉತ್ಪನ್ನವಾಗಿ ಹುಟ್ಟಿ, ಕರೆಯದೆ ಅದರ ಜೊತೆ ಬಂದುಬಿಡುವುದು ಇನ್ನೊಂದು. ಈ ಲೆಕ್ಕ ಮರೆತ ಹೊಸ ಕೆಮಿಸ್ಟ್ ಗುಡ್ಡದ ಆಚೆ ಬದಿಗೆ ಜಾರುವುದು ಖಂಡಿತ. ಪರಿಮಳದ ಎಣ್ಣೆ ಬದಲಾಯಿಸಿದರೂ ಗುಡ್ಡ ಆಚೀಚೆ ಸರಿಯುತ್ತದಂತೆ. ಮಲ್ಲಿಗೆಗೆ ಸರಿಹೋದ ಉಪ್ಪು ಗುಲಾಬಿಗೆ ಹೋಗದಿರಬಹುದು. ಹಾಗಾಗಿ ಬಣ್ಣ, ವಾಸನೆ ಎಲ್ಲ ಹಾಕಿ ಆದ ಮೇಲೆ, ಕಟ್ಟಕಡೆಗೆ ಉಪ್ಪು.

ಉಂಡೆ ಶ್ಯಾವಿಗೆಯಾಗುವ ಹೊತ್ತು

ಇದೆಲ್ಲ ಏಕೆ ನಡೆಯುತ್ತದೆ? ಎಸ್‌ಎಲ್‌ಇಎಸ್‌ನ ಒಂದೊಂದು ಅಣುವಿಗೂ ನೀರನ್ನು ಪ್ರೀತಿಸುವ ತಲೆ, ಎಣ್ಣೆಯನ್ನು ಪ್ರೀತಿಸುವ ಬಾಲ. ನೀರಿನಲ್ಲಿ ಇವು ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗಿಟ್ಟು ಪುಟ್ಟ ಉಂಡೆ ಕಟ್ಟುತ್ತವೆ. ಈ ಉಂಡೆಗಳೇ ಮಿಸೆಲ್. ಅಡ್ಡಳತೆ ಕೆಲವೇ ನ್ಯಾನೊಮೀಟರ್. ಸಾಬೂನಿನ ಅಣುಗಳು ಹೀಗೆ ಗುಂಪುಗೂಡುತ್ತವೆ ಎಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಜೇಮ್ಸ್ ಮೆಕ್‌ಬೇನ್ ಹೇಳಿದ್ದು 1913ರಲ್ಲಿ. ಕೂದಲಿನ ಜಿಡ್ಡು ಕರಗಿ ಕೂರುವುದು ಈ ಉಂಡೆಗಳ ಹೊಟ್ಟೆಯಲ್ಲಿ.

ತಲೆಗಳೆಲ್ಲ ಋಣ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಆ ತಳ್ಳಾಟವೇ ಅವನ್ನು ಉಂಡೆಯ ಆಕಾರದಲ್ಲಿ ಇಟ್ಟಿರುವುದು. ಉಪ್ಪು ಹಾಕಿದಾಗ ಅದರ ಸೋಡಿಯಂ ಅಯಾನುಗಳು ನಡುವೆ ನುಗ್ಗಿ ಜಗಳ ತಣ್ಣಗಾಗಿಸುತ್ತವೆ. ತಲೆಗಳು ಹತ್ತಿರ ಸರಿಯುತ್ತವೆ. ಹತ್ತಿರ ಸರಿದವಕ್ಕೆ ಅಷ್ಟು ಬಾಗಿದ ಉಂಡೆಯಲ್ಲಿ ಕೂರಲಾಗದು. ಉಂಡೆ ಉದ್ದವಾಗುತ್ತದೆ, ಉದ್ದವಾದದ್ದು ಎಳೆಯಾಗುತ್ತದೆ, ಬೇಯಿಸಿ ಪಾತ್ರೆಗೆ ಸುರಿದ ಶ್ಯಾವಿಗೆಯಂತೆ ಎಳೆಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಹರಿಯಲು ಜಾಗವಿಲ್ಲ, ಶಾಂಪೂ ಗಟ್ಟಿ. ಉಪ್ಪು ಇನ್ನೂ ಹೆಚ್ಚಿದರೆ ಎಳೆಗಳಿಗೆ ಕವಲು ಒಡೆಯುತ್ತದೆ. ಕವಲಿನ ಕೂಡುಗಳು ಎಳೆಯುದ್ದಕ್ಕೂ ಸಲೀಸಾಗಿ ಜಾರಬಲ್ಲವು. ಜಾರಿದಂತೆ ಬಿಗಿ ಸಡಿಲುತ್ತದೆ, ಗುಡ್ಡ ಇಳಿಯುತ್ತದೆ.

ಈ ಎಳೆಗಳ ವಿಚಿತ್ರ ಇನ್ನೊಂದಿದೆ. ಇವು ಜಗ್ಗಿದರೆ ಕಡಿಯುತ್ತವೆ, ಕಡಿದ ತುದಿಗಳು ಮತ್ತೆಲ್ಲೋ ಕೂಡಿಕೊಳ್ಳುತ್ತವೆ. ಆದ್ದರಿಂದಲೇ ಭೌತಶಾಸ್ತ್ರಜ್ಞರು ಇವನ್ನು 'ಜೀವಂತ ಪಾಲಿಮರ್' ಎಂದರು. ಇವುಗಳ ಹರಿವಿಗೆ 1987ರಲ್ಲಿ ಗಣಿತದ ಚೌಕಟ್ಟು ಕೊಟ್ಟದ್ದು ಬ್ರಿಟನ್ನಿನ ಮೈಕೇಲ್ ಕೇಟ್ಸ್. ಅದಕ್ಕೂ ಬಹಳ ಮೊದಲು, 1963ರಲ್ಲಿ, ಎ. ಕೇ ಎಂಬ ವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ಸುರಿಯುವ ದ್ರವದ ಎಳೆ ತನ್ನದೇ ರಾಶಿಯ ಮೇಲೆ ಬಿದ್ದು ಪುಟಿಯುವುದನ್ನು ವರದಿ ಮಾಡಿದ್ದರು. ಶಾಂಪೂ ಈ ಆಟವನ್ನು ಚೆನ್ನಾಗಿ ಆಡುತ್ತದೆ. ತಟ್ಟೆಯ ಮೇಲೆ ಒಂದು ಗೇಣು ಎತ್ತರದಿಂದ ಸಣ್ಣ ಎಳೆಯಾಗಿ ಸುರಿಯಿರಿ. ರಾಶಿಯಿಂದ ಒಂದು ಎಳೆ ಚಿಮ್ಮಿ ಪಕ್ಕಕ್ಕೆ ಹಾರುವುದು ಕ್ಷಣಮಾತ್ರ ಕಾಣುತ್ತದೆ. ರಭಸಕ್ಕೆ ಸಿಕ್ಕಿದ ಕಡೆ ಶಾಂಪೂ ತೆಳುವಾಗುವುದೂ ಇದಕ್ಕೆ ಒಂದು ಕಾರಣ. ಮನೆಯಲ್ಲಿ ಬೈಗುಳ ತಿನ್ನಲು ಸಿದ್ಧರಿದ್ದರೆ ಮಾತ್ರ ಮಾಡಿ ನೋಡಿ.

ಬೆಂಗಳೂರಿನವರಿಗೆ ಇದರಲ್ಲಿ ಸ್ವಂತದ ಪಾಲೂ ಉಂಟು. ಪೀಣ್ಯದಿಂದ ಅಷ್ಟೇನೂ ದೂರವಿಲ್ಲದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಂಜಿನಿ ಬಂದೋಪಾಧ್ಯಾಯ, ಗೀತಾ ಬಸಪ್ಪ ಮತ್ತು ಎ.ಕೆ. ಸೂದ್ ಇಂಥದೇ ಎಳೆ ಮಿಸೆಲ್‌ಗಳ ದ್ರಾವಣವನ್ನು ಒಂದೇ ವೇಗದಲ್ಲಿ ತಿರುಗಿಸುತ್ತ ಹೋದರು. ವೇಗ ಬದಲಾಗದಿದ್ದರೂ ದ್ರಾವಣದೊಳಗಿನ ಒತ್ತಡ ಅಡ್ಡಾದಿಡ್ಡಿಯಾಗಿ ಏರಿಳಿಯಿತು. ಆ ಏರಿಳಿತ ಗಣಿತದ ಅರ್ಥದಲ್ಲಿ 'ಕೇಯಾಸ್' ಎಂದು ಅವರು 2000ದಲ್ಲಿ ಪ್ರಕಟಿಸಿದರು. ಅವರು ಬಳಸಿದ ವಸ್ತು ಇಂದಿನ ಕಂಡಿಷನರ್‌ಗಳಲ್ಲಿರುವ ಸೆಟ್ರಿಮೋನಿಯಂನ ಸಂಬಂಧಿ. ಬಚ್ಚಲಿನ ಬಾಟಲಿ ಇಷ್ಟು ಗಹನ ಎಂದು ಯಾರಿಗೆ ಗೊತ್ತಿತ್ತು!

ಬರ್ಲಿನ್‌ನಿಂದ ಕಡಲೂರಿಗೆ

ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1903ರಲ್ಲಿ ಬರ್ಲಿನ್‌ನ ಹನ್ಸ್ ಶ್ವಾರ್ಟ್ಸ್‌ಕೋಫ್ ಪುಡಿ ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ಕಟ್ಟಿ ಮಾರಿದ. ಆಗಿನ ಶಾಂಪೂ ಎಂದರೆ ಸಾಬೂನು. ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂ ಜೊತೆ ಕೂಡಿ ಕೂದಲ ಮೇಲೆ ಮಂಕು ಪದರ ಬಿಡುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಮೈಸೋಪಿನಿಂದ ತಲೆ ತೊಳೆದವರಿಗೆ ಇದನ್ನು ವಿವರಿಸಬೇಕಿಲ್ಲ. 1934ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 'ಡ್ರೀನ್' ತಂದಿತು. ಅದರಲ್ಲಿ ಸಾಬೂನಿರಲಿಲ್ಲ, ಸಲ್ಫೇಟ್ ಜಾತಿಯ ಕೃತಕ ಮಾರ್ಜಕವಿತ್ತು. ಇಂದಿನ ಎಸ್‌ಎಲ್‌ಇಎಸ್ ಆ ವಂಶದ ಕುಡಿಯೇ.

ಭಾರತದಲ್ಲಿ ತಿರುವು ಬಂದದ್ದು ರಸಾಯನದಿಂದಲ್ಲ, ಪೊಟ್ಟಣದಿಂದ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಸಣ್ಣ ಪ್ಲಾಸ್ಟಿಕ್ ಸ್ಯಾಶೆಯ ಕನಸು ಕಂಡರು. ಅವರ ಮನೆಯವರ 'ವೆಲ್ವೆಟ್' ಶಾಂಪೂ ಹೆಸರು ಮಾಡಿತು. 1983ರಲ್ಲಿ ಮಗ ಸಿ.ಕೆ. ರಂಗನಾಥನ್ 15,000 ರೂಪಾಯಿ ಬಂಡವಾಳದಲ್ಲಿ ಬೇರೆಯಾಗಿ 'ಚಿಕ್' ಶುರುಮಾಡಿದರು. ಹಳ್ಳಿಯ ಪೆಟ್ಟಿಗೆ ಅಂಗಡಿಗಳಲ್ಲಿ ತೋರಣವಾಗಿ ತೂಗಿದ ಈ ಸ್ಯಾಶೆಗಳು ಬಾಟಲಿ ಕೊಳ್ಳಲಾಗದವರ ತಲೆಗೂ ಶಾಂಪೂ ಮುಟ್ಟಿಸಿದವು. ಚರಂಡಿ ಬಾಯಿಗಳನ್ನೂ ಮುಚ್ಚಿದವು. ಎರಡೂ ನಿಜ.

ಗೋರಿಕಾಯಿಯ ಅಂಟು, ತೆಂಗಿನ ಹನ್ನೆರಡು

ಆ ಲ್ಯಾಬಿನ ಕಪಾಟಿನಲ್ಲಿ ನನಗೆ ಅತಿ ಇಷ್ಟವಾದ ಡಬ್ಬಿ ಗೋರಿಕಾಯಿಯದು. ಪಲ್ಯ ಮಾಡುವ ಅದೇ ಗೋರಿಕಾಯಿ. ಅದರ ಬೀಜದ ಅಂಟಾದ ಗೌರ್‌ಗಮ್‌ನ ದೊಡ್ಡ ತವರು ರಾಜಸ್ಥಾನ. ಆ ಅಂಟಿಗೆ ರಾಸಾಯನಿಕವಾಗಿ ಧನ ವಿದ್ಯುದಂಶ ಕೂರಿಸಿದರೆ ಲೇಬಲ್ಲಿನ ಮೇಲೆ ಬಾಯಿ ತಿರುಗದ 'ಗೌರ್ ಹೈಡ್ರಾಕ್ಸಿಪ್ರೊಪಿಲ್ಟ್ರೈಮೋನಿಯಂ ಕ್ಲೋರೈಡ್' ಆಗುತ್ತದೆ. ಶಾಂಪೂವಿನ ಪಿಎಚ್‌ನಲ್ಲಿ ಕೂದಲಿನ ಮೈಗೆ ಋಣ ವಿದ್ಯುದಂಶ ಇರುತ್ತದೆ; ಹಾಳಾದ ಕೂದಲಿಗೆ ಇನ್ನೂ ಹೆಚ್ಚು. ಬಾಟಲಿಯೊಳಗೆ ಸುಮ್ಮನಿದ್ದ ಗೋರಿಕಾಯಿ, ತಲೆಗೆ ನೀರು ಹೊಯ್ದು ಶಾಂಪೂ ತೆಳುವಾದ ಗಳಿಗೆಯಲ್ಲಿ ಮಾರ್ಜಕದ ಜೊತೆಗೂಡಿ ಬೇರ್ಪಟ್ಟು ಹೋಗಿ ಕೂದಲಿಗೆ ಅಂಟುತ್ತದೆ. ಕೊಳೆ ಹೋಗುವ ಹೊತ್ತಿಗೇ ನುಣುಪು ಬಂದು ಕೂರುತ್ತದೆ. ಇದಕ್ಕೆ ಬೇಕಾದ ಗೋರಿಕಾಯಿ ಶೇಕಡ ಒಂದಕ್ಕಿಂತ ಕಡಿಮೆ. ಇಂಥ ಜಾಣತನಕ್ಕೆ ನಾನು ಸಂತೋಷದಿಂದ ದುಡ್ಡು ಕೊಡುತ್ತೇನೆ.

ತೆಂಗಿನೆಣ್ಣೆಯ ಮೇಲೆ ನನಗಿರುವ ಪಕ್ಷಪಾತಕ್ಕೂ ಆಧಾರವಿದೆ. 2003ರಲ್ಲಿ ಮಾರಿಕೋ ಕಂಪನಿಯ ಆರತಿ ರೇಳೆ ಮತ್ತು ಆರ್.ಬಿ. ಮೋಹಿಲೆ ಮಿನರಲ್ ಆಯಿಲ್, ಸೂರ್ಯಕಾಂತಿ ಎಣ್ಣೆ, ತೆಂಗಿನೆಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದರು. ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ತೆಂಗಿನೆಣ್ಣೆ ಮಾರುವ ಕಂಪನಿಯೇ ನಡೆಸಿದ ಸಂಶೋಧನೆ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ಕಾರಣ ಒಪ್ಪುವಂಥದು. ಅದರ ಲಾರಿಕ್ ಆಮ್ಲ 12 ಇಂಗಾಲಗಳ ನೆಟ್ಟನೆಯ ಸಣ್ಣ ಸರಪಳಿ, ಕೂದಲಿನೊಳಕ್ಕೆ ನುಸುಳಬಲ್ಲದು. ತಮಾಷೆ ಎಂದರೆ ಎಸ್‌ಎಲ್‌ಇಎಸ್‌ನ ಬಾಲವೂ ಮುಖ್ಯವಾಗಿ ಅದೇ 12 ಇಂಗಾಲಗಳದು. ಕಾಯುವ ಎಣ್ಣೆ, ಅದನ್ನು ತೊಳೆಯುವ ನೊರೆ ಎರಡರದೂ ಒಂದೇ ಕುಲ.

ಸೀಗೆಕಾಯಿಯ ವಿಷಯ ತೆಗೆದಾಗ ಮೇಡಂ ಮುಖದಲ್ಲಿ ಭಕ್ತಿಯೇನೂ ಕಾಣಲಿಲ್ಲ. "ಸೀಗೆಕಾಯಲ್ಲೂ ನೊರೆ ಬರೋದು ಸಪೋನಿನ್‌ನಿಂದ. ಅದೂ ಕೆಮಿಕಲ್ಲೇ ಅಲ್ವಾ? ಪುಡಿ ಕಣ್ಣಿಗೆ ಬಿದ್ರೆ ಗೊತ್ತಾಗುತ್ತೆ" ಎಂದರು. ಅವರ ಕಪಾಟಿನಲ್ಲೂ 'ಸೀಗೆಕಾಯಿ ಎಕ್ಸ್‌ಟ್ರಾಕ್ಟ್' ಇತ್ತು, ಚಿಕ್ಕ ಬಾಟಲಿ. ಸೀಗೆಕಾಯಿಯ ಚಿತ್ರ ಮಾತ್ರ ಶಾಂಪೂವಿನ ಲೇಬಲ್ಲಿನಲ್ಲಿ ದೊಡ್ಡದಾಗಿ ಬರುತ್ತದೆ.

'ಸಲ್ಫೇಟ್ ಫ್ರೀ' ಎಂಬ ಹೊಸ ಮಂತ್ರದಲ್ಲಿ ಅರ್ಧ ಸತ್ಯವಿದೆ. ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮವನ್ನು ಕೆರಳಿಸಬಲ್ಲದು; ಚರ್ಮತಜ್ಞರು ಪರೀಕ್ಷೆಗಳಲ್ಲಿ ಬೇಕೆಂದೇ ಉರಿ ಹುಟ್ಟಿಸಲು ಅದನ್ನೇ ಬಳಸುತ್ತಾರೆ. ಅದರ ತಮ್ಮ ಎಸ್‌ಎಲ್‌ಇಎಸ್ ಅದಕ್ಕಿಂತ ಸೌಮ್ಯ. ಸಲ್ಫೇಟಿನಿಂದ ಕ್ಯಾನ್ಸರ್ ಎಂದು ಮೊಬೈಲಿನಲ್ಲಿ ಓಡಾಡುವ ಮಾತಿಗೆ ಆಧಾರವಿಲ್ಲ. ಸಲ್ಫೇಟ್ ಬಿಟ್ಟು ಸಕ್ಕರೆ ಮೂಲದ ಗ್ಲೂಕೋಸೈಡ್‌ಗಳಿಗೆ ಹೋದರೆ ಅವು ಉಪ್ಪಿಗೆ ಬಗ್ಗುವುದಿಲ್ಲ: ತಲೆಗಳಲ್ಲಿ ವಿದ್ಯುದಂಶವೇ ಇಲ್ಲ, ಉಪ್ಪು ಯಾರ ಜಗಳ ಬಿಡಿಸಬೇಕು? ಗಟ್ಟಿ ಮಾಡಲು ಕ್ಸಾಂಥಾನ್ ಅಂಟು ಮುಂತಾದವು ಬೇಕು. ಬೆಲೆ ಏರಲು ಅದೂ ಒಂದು ಕಾರಣ.

ಹಿಂಬದಿ ಓದುವ ಕ್ರಮ

ಶಾಂಪೂ ದಪ್ಪಗಿದ್ದರೆ ಸತ್ವ ಹೆಚ್ಚು ಎಂದು ನಮ್ಮ ಕೈ ನಂಬುತ್ತದೆ. ದಪ್ಪಕ್ಕೂ ಕೊಳೆ ತೆಗೆಯುವ ಶಕ್ತಿಗೂ ಸಂಬಂಧವಿಲ್ಲ. ಅಂಗೈಯಿಂದ ಸೋರದಿರಲಿ, ತಲೆ ಮುಟ್ಟಲಿ ಎಂಬಷ್ಟೇ ಅದರ ಪ್ರಾಮಾಣಿಕ ಉಪಯೋಗ. ನೊರೆಯೂ ಹಾಗೆಯೇ. ಎಣ್ಣೆ ಹೆಚ್ಚಿದ್ದ ತಲೆಯಲ್ಲಿ ಮೊದಲ ಸಲ ನೊರೆ ಬರುವುದಿಲ್ಲ, ಆದರೆ ಜಿಡ್ಡು ಹೋಗುವ ಕೆಲಸ ಆಗಲೇ ನಡೆದಿರುತ್ತದೆ. ಎರಡನೇ ಸಲದ ಭರ್ಜರಿ ನೊರೆ ಬಹುಮಟ್ಟಿಗೆ ನಮ್ಮ ಸಮಾಧಾನಕ್ಕೆ.

ಹಾಗಾದರೆ ಏನು ನೋಡಬೇಕು? 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಅವುಗಳ ಕೆಳಗೆ ಹೇಗೆ ಬೇಕಾದರೂ ಬರೆಯಬಹುದು. ಪ್ರಿಸರ್ವೇಟಿವ್ ಆಗಿ ಬಳಸುವ ಫಿನಾಕ್ಸಿಎಥನಾಲ್‌ನ ಮಿತಿ ಶೇ 1. ಪಟ್ಟಿಯಲ್ಲಿ ಆ ಹೆಸರು ಹುಡುಕಿ. ಅದರ ನಂತರ ಬರುವ ಯಾವುದೂ ಶೇ 1ನ್ನು ದಾಟಿರುವುದಿಲ್ಲ. ಗೋರಿಕಾಯಿಯಂಥದ್ದು ಅಲ್ಲಿದ್ದರೆ ಚಿಂತೆಯಿಲ್ಲ, ಅದಕ್ಕೆ ಅಷ್ಟೇ ಸಾಕು. ಆದರೆ ಎದುರುಗಡೆ ದೊಡ್ಡ ಚಿತ್ರವಾಗಿ ಮೆರೆದ ಸೀಗೆಕಾಯಿ, ಭೃಂಗರಾಜ, ದಾಸವಾಳ ಆ ಗೆರೆಯ ಕೆಳಗೆ ಮುದುಡಿ ಕೂತಿದ್ದರೆ, ಹೆಚ್ಚಿನ ಬೆಲೆ ಕೊಡುವ ಮುಂಚೆ ಒಮ್ಮೆ ಯೋಚಿಸಿ. ಉಪ್ಪು ಎಷ್ಟೋ ಸಲ ಅವೆಲ್ಲಕ್ಕಿಂತ ಮೇಲೆ ಕೂತಿರುತ್ತದೆ, ಅದರ ಚಿತ್ರವನ್ನು ಮಾತ್ರ ಯಾರೂ ಹಾಕುವುದಿಲ್ಲ. ಸೀಗೆಕಾಯಿಯೇ ಬೇಕೆಂದರೆ ಗ್ರಂಥಿಗೆ ಅಂಗಡಿಗೆ ಹೋಗಿ ಕಾಯಿಯನ್ನೇ ಕೊಳ್ಳಿ.