ಬೆಳಗ್ಗೆ ಹೊರಟು ಸಂಜೆಗೆ ಮರಳುವ ಹಾದಿಗಳು

ಕ್ರಿಸ್ಮಸ್ ರಜೆ ಸಮೀಪಿಸಿತೆಂದರೆ ನಮ್ಮ ಕುಟುಂಬಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ವೇಲಾಂಕಣಿ, ಗೋವಾ, ಊಟಿ ಎಂದು ದೂರದ ಹೆಸರುಗಳು ಕೇಳಿಬರುತ್ತವೆ. ರೈಲಿನ ಟಿಕೆಟ್ಟು, ವಸತಿಗೃಹದ ಬಾಡಿಗೆ, ಊಟೋಪಚಾರ ಎಂದು ಮನೆಯ ಯಜಮಾನರು ಲೆಕ್ಕ ಹಾಕಿ, ಕೊನೆಗೆ ‘ಬರುವ ವರ್ಷ ನೋಡೋಣ’ ಎಂದು ಮಾತು ಮುಗಿಸುತ್ತಾರೆ. ಸಾಲ ಮಾಡಿ ಹೋಗಿಬರುವವರೂ ಇಲ್ಲದಿಲ್ಲ. ವೇಲಾಂಕಣಿಗೆ ಹರಕೆ ಹೊತ್ತು ಹೋಗುವವರನ್ನು ನಾವು ತಡೆಯುವುದಿಲ್ಲ. ಆದರೆ ದಾವಣಗೆರೆಯಲ್ಲೇ ಹುಟ್ಟಿ ಬೆಳೆದು, ಮಕ್ಕಳನ್ನು ಕಾಲೇಜಿಗೆ ಸೇರಿಸುವಷ್ಟು ವಯಸ್ಸಾದರೂ ಸೂಳೆಕೆರೆಯ ಏರಿಯ ಮೇಲೆ ಒಮ್ಮೆಯೂ ನಿಲ್ಲದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ! ಜಗಳೂರನ್ನಂತೂ ಬಸ್ಸಿನ ಬೋರ್ಡಿನಲ್ಲಿ ಓದಿದ್ದೇ ಹೊರತು ಕಂಡವರು ವಿರಳ.

ಯುರೋಪಿನ ಜನರಿಗೆ ಒಂದು ದಿನದ ವಿಹಾರವೆಂಬುದು ಬಹಳ ರೂಢಿಯ ಸಂಗತಿ. ಸ್ಪೇನ್ ದೇಶದ ಬಾಸ್ಕ್ ನಾಡಿನಲ್ಲಿ ಸಾನ್ ಸೆಬಾಸ್ಟಿಯನ್ ಎಂಬ ಕಡಲತೀರದ ನಗರವಿದೆ. ಅಲ್ಲಿಂದ ಬೆಳಗ್ಗೆ ಹೊರಟರೆ ಸಂತ ಇಗ್ನಾಸಿಯವರು ಹುಟ್ಟಿದ ಲೊಯೋಲಾದ ಮನೆಯನ್ನು ನೋಡಿಕೊಂಡು ಸಂಜೆಗೆ ಮರಳಬಹುದು. ನಮಗೆ ಕಡಲಿಲ್ಲ, ನಿಜ. ಆದರೆ ದಾವಣಗೆರೆಯಿಂದ ಮೂರು ದಿಕ್ಕಿಗೆ ಮೂರು ದಿನ ಹೊರಟರೆ ಕಾಣುವುದು ಕಡಿಮೆಯೇನಲ್ಲ. ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚೂ ಅಲ್ಪ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಗುರುಮಠದಲ್ಲಿ ತತ್ವಶಾಸ್ತ್ರದ ಪಾಠ ಆರಂಭವಾಗುವುದೇ ಗ್ರೀಸಿನ ಥೇಲಿಸನಿಂದ. ಸಮಸ್ತಕ್ಕೂ ಮೂಲ ನೀರು ಎಂದ ಆ ಹಿರಿಯನ ಮಾತಿಗೆ ವಿದ್ಯಾರ್ಥಿಗಳು ನಗುವುದು ವಾಡಿಕೆ. ಆದರೆ ನಮ್ಮ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಒಮ್ಮೆ ಸುತ್ತಿದವರು ಥೇಲಿಸನನ್ನು ನೋಡಿ ನಗಲಾರರು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರುಗಳೂ ಒಂದಾದವು. ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿ 2018ರಲ್ಲಿ ಹಿಂದಿರುಗಿತು. ಹೀಗೆ ಮಲೆನಾಡಿನ ಸೆರಗನ್ನೂ ಬಯಲುಸೀಮೆಯ ಬರಡನ್ನೂ ಒಂದೇ ಆಡಳಿತದಡಿ ಹೊಲಿದ ಜಿಲ್ಲೆ ಇದು. ಇದರ ಆರು ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ಜನರ ಬಾಯಲ್ಲಿ ಬರುವ ಮಾತು ನೀರಿನದೇ.

ಮೊದಲ ದಿನಕ್ಕೆ ಚನ್ನಗಿರಿಯ ಕಡೆಯನ್ನು ಇಟ್ಟುಕೊಳ್ಳಬಹುದು. ಹಾದಿಯಲ್ಲಿ ಸಿಗುವುದು ಸಂತೇಬೆನ್ನೂರು. ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ 16ನೆಯ ಶತಮಾನದಲ್ಲಿ ಕಟ್ಟಿಸಿದನೆನ್ನಲಾಗುವ ಪುಷ್ಕರಿಣಿ ಅಲ್ಲಿದೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳು ನೀರಿಗಿಳಿಯುತ್ತವೆ; ನಟ್ಟನಡುವೆ ಗೋಪುರ ಹೊತ್ತ ವಸಂತ ಮಂಟಪ. ಎದುರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಹೆಸರಿನೊಂದಿಗೆ ಹೇಳಲಾಗುವ ಮುಸಾಫಿರ್ ಖಾನೆಯ ಸಾಲು ಕಮಾನುಗಳು. ಊರಿನ ಕಥೆಗಳಲ್ಲಿ ಇವೆರಡರ ನಡುವೆ ವೈರವಿದೆ, ಕೆಡವಿದ್ದು ಕಟ್ಟಿದ್ದರ ವೃತ್ತಾಂತವಿದೆ. ಕಣ್ಣಿಗೆ ಕಾಣುವುದಾದರೋ ಬೇರೆ: ಮಂಟಪದ ಮೈಮೇಲೆ ಬಿಜಾಪುರದ ಶೈಲಿಯ ಛಾಯೆ ಸ್ಪಷ್ಟವಾಗಿದೆ. ಕಾದಾಡಿದವರ ಕಾಲದಲ್ಲೂ ಕಲ್ಲುಕುಟಿಗರು ಪರಸ್ಪರ ಕಲಿಯುತ್ತಿದ್ದರೆಂದು ನಮಗೆ ತೋರುತ್ತದೆ. ಮಕ್ಕಳನ್ನು ಮೆಟ್ಟಿಲಿನ ಅಂಚಿಗೆ ಬಿಡಬಾರದು; ಪಾಚಿ ಕಟ್ಟಿದ ಕಲ್ಲು ಜಾರುತ್ತದೆ.

ಅಲ್ಲಿಂದ ಮುಂದೆ ಸೂಳೆಕೆರೆ. ಸರ್ಕಾರದ ಕಡತಗಳಲ್ಲಿ ಇದು ಶಾಂತಿಸಾಗರ. ಇದರ ಬಳಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಸುಮಾರು 6,500 ಎಕರೆ ನೀರಿನ ಹರವು, 30 ಕಿಲೋಮೀಟರಿನಷ್ಟು ಸುತ್ತಳತೆ. ಇಷ್ಟು ನೀರನ್ನು ತಡೆದು ನಿಲ್ಲಿಸಿರುವ ಏರಿಯಾದರೋ ಸಾವಿರ ಅಡಿಯ ಆಸುಪಾಸಿನದು. ಹರಿದ್ರಾ ಎಂಬ ಹಳ್ಳ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಜಾಗವನ್ನೇ ಆರಿಸಿ, ಅಲ್ಲಿ ಮಣ್ಣು ಕಲ್ಲುಗಳನ್ನು ಪೇರಿಸಿದ್ದಾರೆ. ಸಿದ್ದನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಎಂಟು ಶತಮಾನಗಳಿಗೂ ಹಿಂದಿನದೆನ್ನಲಾಗುವ ಈ ಕೆಲಸವನ್ನು ಮಾಡಿದವರ ಬಳಿ ದೂರದರ್ಶಕವಿರಲಿಲ್ಲ, ನಕ್ಷೆಯ ಕಾಗದವೂ ಇರಲಿಲ್ಲ. ನೆಲದ ಇಳಿಜಾರನ್ನು ಓದುವ ಕಣ್ಣು ಇತ್ತು.

ಇನ್ನು ಹೆಸರಿನ ವಿಚಾರ. ಮಕ್ಕಳು ಕೇಳಿ ನಗುತ್ತಾರೆ, ದೊಡ್ಡವರು ಮಾತು ಬದಲಿಸುತ್ತಾರೆ. ಜನಪದ ಕಥೆ ಹೀಗಿದೆ: ರಾಜನ ಮಗಳು ಶಾಂತವ್ವ ತನ್ನಿಂದಾಯಿತೆಂದು ಭಾವಿಸಿದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಕೆರೆಯೊಂದನ್ನು ಕಟ್ಟಿಸಲು ಹೊರಟಳು. ಆರಿಸಿದ ಜಾಗ ವೇಶ್ಯೆಯರು ವಾಸವಾಗಿದ್ದ ಕೇರಿ. ಅವರು ನೆಲವನ್ನು ಬಿಟ್ಟುಕೊಡಲು ಒಪ್ಪಿದರು. ಕೆರೆಗೆ ತಮ್ಮ ಹೆಸರಿರಲಿ ಎಂಬುದೊಂದೇ ಅವರ ಷರತ್ತು. ಕಥೆ ಎಷ್ಟು ನಿಜವೆಂದು ಇತಿಹಾಸಕಾರರು ತೀರ್ಮಾನಿಸಲಿ. ಆದರೆ ಊರು ಹೀನಾಯವಾಗಿ ಕಂಡ ಹೆಂಗಸರು ಊರಿನ ದಾಹಕ್ಕಾಗಿ ತಮ್ಮ ಮನೆಗಳನ್ನೇ ನೀರಿನಡಿಗೆ ಒಪ್ಪಿಸಿ, ಪ್ರತಿಯಾಗಿ ಕೇಳಿದ್ದು ನೆನಪನ್ನು ಮಾತ್ರ ಎಂದು ಜನ ಇಷ್ಟು ಕಾಲ ಹೇಳಿಕೊಂಡು ಬಂದಿದ್ದಾರಲ್ಲ, ಅದು ಸಣ್ಣ ಮಾತೇ? ಸಂತ ಮತ್ತಾಯನು ಪ್ರಭುವಿನ ವಂಶಾವಳಿಯನ್ನು ಬರೆಯುವಾಗ ಯೆರಿಕೋವಿನ ರಾಹಾಬಳ ಹೆಸರನ್ನು ಅಳಿಸಲಿಲ್ಲ. ‘ಶಾಂತಿಸಾಗರ’ ಕಿವಿಗೆ ಇಂಪಾದ ಹೆಸರೇ. ಆದರೂ ಕೊಟ್ಟ ಮಾತಿನಂತೆ ಹಳೆಯ ಹೆಸರೇ ಉಳಿಯುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ತಂದೆತಾಯಂದಿರು ಮುಜುಗರಪಡದೆ ಈ ಕಥೆಯನ್ನು ಏರಿಯ ಮೇಲೆ ಕುಳಿತೇ ಮಕ್ಕಳಿಗೆ ಹೇಳಬಹುದು.

ಚಿತ್ರದುರ್ಗ ನಗರದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ. ಭದ್ರಾ ನಾಲೆಯ ನೀರೂ ಇದಕ್ಕೆ ಸೇರುತ್ತದೆ. ಆದರೆ ಕೆರೆಯಲ್ಲಿ ಹೂಳು ತುಂಬಿದೆ, ಅಂಚುಗಳಲ್ಲಿ ಒತ್ತುವರಿಯಾಗಿದೆ. ಅಳತೆ ಮಾಡಿಸಿ ಗಡಿ ಗುರುತಿಸಬೇಕೆಂದು ಸ್ಥಳೀಯರು ವರ್ಷಗಳಿಂದ ಹೋರಾಡಿದ್ದಾರೆ. ಬುತ್ತಿಯೂಟ ಮುಗಿಸಿದ ಪ್ಲಾಸ್ಟಿಕ್ ತಟ್ಟೆಗಳನ್ನು ನೀರಿಗೆ ಎಸೆದು ಬರುವ ಪ್ರವಾಸಿಗರೂ ಈ ಹೂಳಿಗೆ ತಮ್ಮ ಪಾಲನ್ನು ಸೇರಿಸುತ್ತಿದ್ದಾರೆ. ನಮ್ಮ ಯುವಜನರೊಡನೆ ಹೋದಾಗ ಒಂದು ಗೋಣಿಚೀಲ ಒಯ್ದಿದ್ದೆವು. ನಮ್ಮ ಕಸದಿಂದ ಅದು ಕಾಲುಭಾಗ ತುಂಬಿತು, ಮಿಕ್ಕದ್ದು ಇತರರ ಕಸದಿಂದ.

ಚನ್ನಗಿರಿ ಪಟ್ಟಣದ ಬೆಟ್ಟದ ಮೇಲೆ ಕೋಟೆಯೂ ರಂಗನಾಥಸ್ವಾಮಿಯ ಗುಡಿಯೂ ಇವೆ. ಹತ್ತುವುದು ಕಷ್ಟವಲ್ಲ, ಅಜ್ಜ ಅಜ್ಜಿಯರೂ ನಿಧಾನವಾಗಿ ಹತ್ತಬಲ್ಲರು. ಊರಿಗೆ ಈ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂತೆಂಬುದು ಪ್ರತೀತಿ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ, 1689ರಲ್ಲಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಧೀರೆ ಈಕೆ ಎಂದು ಶಾಲೆಯಲ್ಲಿ ಓದಿದ್ದೇವೆ. ನಮ್ಮವರಿಗೆ ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದಿದೆ. ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚುಗಳನ್ನು ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಅನುಮತಿ ಕೊಟ್ಟವಳೂ ಈಕೆಯೇ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಎಷ್ಟೋ ಕಥೋಲಿಕ ಮನೆತನಗಳು ಈ ರಾಣಿಗೆ ಋಣಿಗಳು.

ಕೋಟೆಯ ಮೇಲಿಂದ ಕಾಣುವುದು ಅಡಿಕೆ ತೋಟಗಳ ಹಸಿರು. ರಾಗಿ, ಭತ್ತ ಬೆಳೆಯುತ್ತಿದ್ದ ಹೊಲಗಳೂ ಈಗ ತೋಟಗಳಾಗಿವೆ. ಅಡಿಕೆ ಮನೆಗಳನ್ನು ಎತ್ತಿ ನಿಲ್ಲಿಸಿದೆ, ಮಕ್ಕಳನ್ನು ಓದಿಸಿದೆ. ಅದನ್ನು ಹಗುರವಾಗಿ ಟೀಕಿಸಲು ಯಾರಿಗೂ ಹಕ್ಕಿಲ್ಲ. ಆದರೆ ಬರದ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ, ರೈತರು ಟ್ಯಾಂಕರಿನಲ್ಲಿ ನೀರು ತರಿಸಿ ಗಿಡ ಉಳಿಸಿಕೊಂಡದ್ದನ್ನು ನೋಡಿದವರಿಗೆ ಆ ಹಸಿರಿನ ಬೆಲೆ ತಿಳಿದಿದೆ.

ಎರಡನೆಯ ದಿನ ಹೊನ್ನಾಳಿ, ನ್ಯಾಮತಿಗಳ ಹಾದಿ. ಹರಿಹರದಲ್ಲಿ ಆರೋಗ್ಯಮಾತೆಯ ಬಸಿಲಿಕಾಗೆ ಹೋಗದೆ ನಮ್ಮ ಕುಟುಂಬಗಳು ಮುಂದೆ ಸಾಗುವುದಿಲ್ಲವೆಂದು ಬಲ್ಲೆವು. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನೂ ನೋಡಬೇಕು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ್ದು. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಕೂಡುವುದೂ ಹರಿಹರದ ಬಳಿಯೇ.

ಮಲೇಬೆನ್ನೂರಿನ ಸುತ್ತ ಭದ್ರಾ ನಾಲೆಯಿಂದ ಹಸಿರಾದ ಭತ್ತದ ಗದ್ದೆಗಳು. ನಾಲೆಯ ಕೊನೆಭಾಗಕ್ಕೆ ನೀರು ತಲುಪದ ವರ್ಷ ಇದೇ ರಸ್ತೆಗಳಲ್ಲಿ ರೈತರು ಕುಳಿತು ಧರಣಿ ಹೂಡುತ್ತಾರೆ. ಹೊನ್ನಾಳಿಯಲ್ಲಿ ಸೇತುವೆಯ ಪಕ್ಕ ನಿಂತರೆ ಕೂಡಲಿಯಲ್ಲಿ ಒಂದಾಗಿ ಬಂದ ತುಂಗೆ ಭದ್ರೆಯರು ಅಗಲವಾಗಿ ಹರಿಯುವುದು ಕಾಣುತ್ತದೆ. ರಾಯರ ಮಠ, ಹಿರೇಕಲ್ಮಠಗಳಿಂದ ಊರು ಪ್ರಸಿದ್ಧ. ಮಳೆಗಾಲದಲ್ಲಿ ನದಿ ಉಕ್ಕಿದರೆ ದಂಡೆಯ ತಗ್ಗಿನ ಮನೆಗಳವರು ಸಾಮಾನು ಹೊತ್ತುಕೊಂಡು ಹೊರಡಬೇಕಾಗುತ್ತದೆ. ಜಗಳೂರಿನವರು ಕಾಯುವ ನೀರೇ ಇಲ್ಲಿ ಹೊಸ್ತಿಲು ದಾಟಿ ಒಳಗೆ ಬರುತ್ತದೆ.

ನ್ಯಾಮತಿ 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಒಂದು. ಬೆಳಗುತ್ತಿಯ ಸಮೀಪ ಕಾಡುಗುಡ್ಡಗಳ ನಡುವೆ ತೀರ್ಥರಾಮೇಶ್ವರವಿದೆ. ಬೇಸಿಗೆಯಲ್ಲೂ ನಿಲ್ಲದ ಒರತೆಯೊಂದು ಅಲ್ಲಿ ಬಂಡೆಯೊಳಗಿಂದ ಬಂದು ಸುರಿಯುತ್ತದೆ. ನೆಲದ ಕಾಡು ಮಳೆಯನ್ನು ಹೀರಿ, ತಿಂಗಳುಗಟ್ಟಲೆ ಹಿಡಿದಿಟ್ಟು, ತೊಟ್ಟುತೊಟ್ಟಾಗಿ ಬಿಡುವ ಬಗೆಯನ್ನು ಮಕ್ಕಳಿಗೆ ಪುಸ್ತಕದಿಂದ ವಿವರಿಸುವ ಬದಲು ಇಲ್ಲಿ ಕೈಯೊಡ್ಡಿಸಿದರೆ ಸಾಕು.

ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾಗಿದೆ. ಫೆಬ್ರುವರಿ 15ರ ಜಯಂತಿಗೆ ಮಾಲೆ ಧರಿಸಿದ ಭಕ್ತರು ನಾಡಿನ ಮೂಲೆಮೂಲೆಗಳಿಂದ, ಹಲವರು ಬರಿಗಾಲಿನಲ್ಲಿ, ನಡೆದು ಬರುತ್ತಾರೆ. ಆರೋಗ್ಯಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ರಂದು ನಡೆದು ಬರುವ ನಮ್ಮವರಿಗೆ ಆ ಕಾಲುಗಳ ನೋವು ಅಪರಿಚಿತವೇನಲ್ಲ.

ಮೂರನೆಯ ದಿನವನ್ನು ಜಗಳೂರಿಗೆ ಮೀಸಲಿಡಿ ಎಂದರೆ ‘ಅಲ್ಲೇನಿದೆ ಸ್ವಾಮಿ?’ ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಯ ಸಲುವಾಗಿಯೇ ಅಲ್ಲಿಗೆ ಹೋಗಬೇಕೆನ್ನುತ್ತೇವೆ. ಅಣಜಿ, ಬಿಳಿಚೋಡು ದಾಟಿದಂತೆ ತೋಟಗಳು ಮರೆಯಾಗಿ ಮೆಕ್ಕೆಜೋಳ, ಶೇಂಗಾದ ಬಯಲು ತೆರೆದುಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕೂಲಿಕಾರರು ಮನೆಗೆ ಬೀಗ ಹಾಕಿ ಮಲೆನಾಡಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ನಿನ್ನೆ ಕಂಡ ಹೊಳೆಯೂ ಇಂದಿನ ಬಯಲೂ ಒಂದೇ ಜಿಲ್ಲೆಯವು ಎಂಬುದನ್ನು ಬೆನ್ನುಬೆನ್ನಿಗೆ ನೋಡಿದರೆ ಮಾತ್ರ ಮನಸ್ಸಿಗೆ ನಾಟುತ್ತದೆ. ಆದುದರಿಂದಲೇ ಈ ಕ್ರಮವನ್ನು ಅದಲುಬದಲು ಮಾಡಬೇಡಿ.

ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಗಳ ವನ್ಯಧಾಮವಾಯಿತು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರು. ಕೊಂಡುಕುರಿ ಎಂದರೆ ಕುರಿಯಲ್ಲ, ನಾಲ್ಕು ಕೊಂಬಿನ ಪುಟ್ಟ ಜಿಂಕೆಯಂಥ ಪ್ರಾಣಿ. ಕೊಂಬುಗಳು ಗಂಡಿಗೆ ಮಾತ್ರ. ಬರಡುನೆಲದಲ್ಲಿ ವಾಸವಾದರೂ ಅದು ನೀರಿನ ತಾಣದಿಂದ ಹೆಚ್ಚು ದೂರ ಹೋಗಲಾರದು. ಬಹಳ ನಾಚಿಕೆಯ ಜೀವ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದರೂ ಕಾಣಿಸುವ ಭರವಸೆಯಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡುವುದು ಲೇಸು.

ಜಗಳೂರಿನ ಜನ ಸುಮ್ಮನೆ ಕುಳಿತವರಲ್ಲ. ಸಭೆ, ಪಾದಯಾತ್ರೆ, ಮನವಿಗಳಲ್ಲಿ ಒಂದು ತಲೆಮಾರೇ ಕಳೆದಿದೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ ಈ ಭಾಗದ 57 ಕೆರೆಗಳಿಗೆ ತುಂಬಿಸುವ ಯೋಜನೆ ಆ ಹೋರಾಟದ ಫಲ. ಭದ್ರಾ ಮೇಲ್ದಂಡೆಯಲ್ಲಿ ತಾಲ್ಲೂಕಿಗೆ 2.4 ಟಿಎಂಸಿ ನೀರನ್ನು ಗೊತ್ತುಪಡಿಸಲಾಗಿದೆ. ಆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಪೈಪಿನಲ್ಲಿ ಬಂದ ನೀರು ಕೆರೆಯ ಬಾಯಿಗೆ ಬಿದ್ದಾಗ ಊರಿನ ಹೆಂಗಸರು ಬಾಗಿನ ಅರ್ಪಿಸುತ್ತಾರೆ. ನದಿಯೇ ಇಲ್ಲದ ಊರಿಗೆ ನದಿಯೊಂದು ನೆಂಟಳಾಗಿ ಬಂದಂತೆ. ಅಲ್ಲಿಯ ಯಾವುದಾದರೂ ಕೆರೆಯ ದಂಡೆಯಲ್ಲಿ ಕುರಿ ಕಾಯುವ ಹಿರಿಯರನ್ನು ‘ಈ ಕೆರೆ ಹಿಂದೆ ಯಾವಾಗ ತುಂಬಿತ್ತು, ಅಜ್ಜಾರೆ?’ ಎಂದು ಕೇಳಿ ನೋಡಿ. ಅವರಿಗೆ ವರ್ಷ ನೆನಪಿರುತ್ತದೆ.

ಮೂರೂ ದಿನಗಳಿಗೆ ಡಿಸೆಂಬರ್, ಜನವರಿಗಳು ಸೂಕ್ತ ಕಾಲ. ಕೆರೆಗಳಲ್ಲಿ ನೀರಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ತಾಲ್ಲೂಕು ಕೇಂದ್ರಗಳಿಗೆ ದಾವಣಗೆರೆಯಿಂದ ಬಸ್ಸುಗಳಿವೆ. ತೀರ್ಥರಾಮೇಶ್ವರ, ರಂಗಯ್ಯನದುರ್ಗಗಳಿಗೆ ಮಾತ್ರ ನಾಲ್ಕಾರು ಕುಟುಂಬಗಳು ಸೇರಿ ಒಂದು ವ್ಯಾನ್ ಗೊತ್ತುಮಾಡಿಕೊಳ್ಳುವುದು ಅನುಕೂಲ. ಭಾನುವಾರ ಹೊರಡುವವರು ಮೊದಲ ಬಲಿಪೂಜೆಗೆ ಬಂದು ಹೋಗಬಹುದು. ಜಗಳೂರಿನ ಕಡೆಗೆ ಹೋಗುವಾಗ ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಸಿಕೊಂಡು ಹೋಗಿ.