ಭೂಕಂಪವೂ ನಮ್ಮ ಕಪ್ಪತಗುಡ್ಡವೂ

ಭೂಮಿಗೆ ನಮ್ಮ ಪೂರ್ವಿಕರು ಕೊಟ್ಟ ಹೆಸರುಗಳು ಅನೇಕ. ಅವುಗಳಲ್ಲಿ 'ಅಚಲೆ' ಎಂಬುದೊಂದು, 'ಸ್ಥಿರೆ' ಎಂಬುದು ಇನ್ನೊಂದು. ಕಾಲಡಿಯ ನೆಲದಷ್ಟು ನೆಚ್ಚಿಗೆಯ ವಸ್ತು ಮನುಷ್ಯನಿಗೆ ಬೇರೊಂದಿಲ್ಲವಾದ್ದರಿಂದ ಇಂಥ ಹೆಸರುಗಳು ಹುಟ್ಟಿದ್ದು ಸಹಜವೇ ಸರಿ. ಆದರೆ ಆ ಪೂರ್ವಿಕರು ಭೂಮಿ ನಡುಗುವುದನ್ನೂ ಕಂಡಿದ್ದರು. ಭೂಭಾರವನ್ನು ಹೊತ್ತ ಆದಿಶೇಷನು ದಣಿದು ಹೆಡೆ ಬದಲಿಸಿದಾಗ ನೆಲ ಅಲುಗುತ್ತದೆಂದು ಅವರು ಹೇಳಿದರು. ನಮ್ಮ ಊರಿನ ಹಿರಿಯರ ಬಾಯಲ್ಲಿ ಈ ಮಾತನ್ನು ನಾನು ಇಂದಿಗೂ ಕೇಳುತ್ತೇನೆ. ಇದನ್ನು ಕೇಳಿ ನಗಬೇಕಾದ ಕಾರಣವಿಲ್ಲ. ನಾವು ನಿಂತ ನೆಲ ಇನ್ನಾವುದರ ಮೇಲೋ ನಿಂತಿದೆ, ಕೆಳಗಿನದು ಕದಲಿದರೆ ಮೇಲಿನದೂ ಕದಲುತ್ತದೆ ಎಂಬಷ್ಟು ಸತ್ಯ ಆ ಕಥೆಯಲ್ಲಿದೆ. ಉಳಿದ ಸತ್ಯವನ್ನು ಅರಸಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

ಭೂಕಂಪವೆಂದರೆ ಜಪಾನ, ನೇಪಾಳಗಳ ಮಾತು, ಜ್ವಾಲಾಮುಖಿಯೆಂದರೆ ಇಟಲಿಯ ಮಾತು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನರಿಗೆ ಇದರಿಂದೇನು ಎಂದು ನನ್ನ ಗೆಳೆಯರೇ ಕೇಳಿದ್ದುಂಟು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಭೂಗೋಳಶಾಸ್ತ್ರ ನನ್ನ ಐಚ್ಛಿಕ ವಿಷಯಗಳಲ್ಲೊಂದು. ತರಗತಿಯಲ್ಲಿ ಕಲಿತದ್ದನ್ನು ನಮ್ಮ ಊರುಗಳ ಕಲ್ಲು-ಮಣ್ಣುಗಳಿಗೆ ಹಚ್ಚಿ ನೋಡಿ ಆ ಪ್ರಶ್ನೆಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ ಸುಮಾರು ೬,೩೭೦ ಕಿಲೋಮೀಟರು. ಅಷ್ಟು ಆಳಕ್ಕೆ ಯಾರೂ ಇಳಿದಿಲ್ಲ. ಆದರೂ ಒಳಗಿನ ರಚನೆ ನಮಗೆ ತಿಳಿದಿದೆ, ತಿಳಿಸಿಕೊಟ್ಟದ್ದು ಭೂಕಂಪಗಳೇ. ಕಂಪನದ ಅಲೆಗಳು ಭೂಗರ್ಭವನ್ನು ಹಾಯ್ದು ದೂರದ ಉಪಕರಣಗಳನ್ನು ಮುಟ್ಟುತ್ತವೆ. ಬಂದ ವೇಳೆಯನ್ನೂ ರೀತಿಯನ್ನೂ ಲೆಕ್ಕಹಾಕಿ ಅವು ಎಂಥ ಪದಾರ್ಥದೊಳಗಿಂದ ಬಂದವೆಂದು ಊಹಿಸಬಹುದು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣದಲ್ಲಿ ಕೆಲಸ ಮಾಡಿದ ರಿಚರ್ಡ್ ಓಲ್ಡ್‌ಹ್ಯಾಮ್ ಎಂಬವರು ೧೮೯೭ರ ಅಸ್ಸಾಮಿನ ಮಹಾಭೂಕಂಪವನ್ನು ಅಭ್ಯಾಸ ಮಾಡಿ ಈ ಅಲೆಗಳ ಬಗೆಗಳನ್ನು ಬೇರ್ಪಡಿಸಿದರು. ೧೯೦೬ರಲ್ಲಿ ಭೂಮಿಗೆ ಬೇರೊಂದು ತಿರುಳಿದೆಯೆಂಬುದಕ್ಕೆ ಸಾಕ್ಷ್ಯ ಒದಗಿಸಿದರು. ನಡುವೆ ತಿರುಳು, ಅದರ ಮೇಲೆ ಸುಮಾರು ೨,೯೦೦ ಕಿಲೋಮೀಟರು ದಪ್ಪದ ಹೊದಿಕೆ, ಎಲ್ಲಕ್ಕೂ ಮೇಲೆ ತೆಳುವಾದ ತೊಗಟೆ - ಇದು ಭೂಮಿಯ ಒಳರೂಪ.

ಈ ತೊಗಟೆಯೂ ಹೊದಿಕೆಯ ಮೇಲ್ಭಾಗವೂ ಕೂಡಿ, ಸರಾಸರಿ ನೂರು ಕಿಲೋಮೀಟರು ದಪ್ಪದ ಗಡುಸಾದ ಕವಚವಾಗಿದೆ. ಅದು ಅಖಂಡವಾಗಿಲ್ಲ. ಏಳು ದೊಡ್ಡವೂ ಹಲವು ಚಿಕ್ಕವೂ ಆದ ತುಂಡುಗಳಾಗಿ ಒಡೆದಿದೆ. ಇವಕ್ಕೆ ಭೂಫಲಕಗಳೆಂದು ಹೆಸರು. ಒಲೆಯ ಮೇಲೆ ಹಾಲು ಕಾಯುವಾಗ ಬಿಸಿಯಾದದ್ದು ಮೇಲೇರಿ, ತಣಿದದ್ದು ಕೆಳಗಿಳಿದು, ಮೇಲಿನ ಕೆನೆ ಹರಿದು ಅತ್ತಿತ್ತ ಸರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಫಲಕಗಳ ಚಲನೆಗೆ ಇದು ಸುಲಭವಾದ ಹೋಲಿಕೆ. ಆದರೆ ಹೋಲಿಕೆಗೂ ಒಂದು ಮಿತಿಯುಂಟು. ಹೊದಿಕೆ ಹಾಲಿನಂತೆ ದ್ರವವಲ್ಲ, ಗಟ್ಟಿ ಕಲ್ಲೇ. ಅತಿ ಉಷ್ಣದಿಂದ ಅದು ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಹರಿಯುತ್ತದೆ. ಮೇಲಾಗಿ, ಒಳಗೆ ಮುಳುಗುವ ಫಲಕದ ಅಂಚು ತನ್ನ ಭಾರದಿಂದಲೇ ಉಳಿದ ಭಾಗವನ್ನು ಹಿಂದೆ ಎಳೆದುಕೊಂಡು ಹೋಗುತ್ತದೆ.

ಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ ೧೯೧೨ರಲ್ಲಿಯೇ ಸಾರಿದ್ದನು. ಯಾವ ಶಕ್ತಿಯಿಂದ ಚಲಿಸುತ್ತವೆಂದು ಹೇಳಲಾರದೆ ಹೋದುದರಿಂದ ಪಂಡಿತರು ಅವನ ಮಾತನ್ನು ಒಪ್ಪಲಿಲ್ಲ. ಸಾಗರತಳದ ಶೋಧನೆ ಮುಂದುವರಿದ ಮೇಲೆ, ೧೯೬೦ರ ದಶಕದಲ್ಲಿ, ಈ ವಾದ ಫಲಕ ಸಿದ್ಧಾಂತವಾಗಿ ಬೆಳೆದು ನೆಲೆಯೂರಿತು.

ಫಲಕಗಳು ಸಂಧಿಸುವ ಅಂಚುಗಳಲ್ಲಿ ಮೂರು ಬಗೆ. ಎರಡು ಫಲಕಗಳು ದೂರ ಸರಿಯುವಲ್ಲಿ ಒಳಗಿನಿಂದ ಶಿಲಾರಸ ಉಕ್ಕಿ ಹೊಸ ನೆಲವಾಗುತ್ತದೆ. ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಸಾಲು ಹೀಗೆ ಹುಟ್ಟಿದ್ದು. ಎರಡು ಫಲಕಗಳು ಎದುರುಬದುರಾಗಿ ಒತ್ತುವಲ್ಲಿ ಭಾರವಾದದ್ದು ಹಗುರಾದುದರ ಕೆಳಗೆ ಇಳಿಯುತ್ತದೆ. ಎರಡೂ ಹಗುರಾದ ಖಂಡಗಳಾಗಿದ್ದರೆ ನೆಲ ಮಡಿಕೆಬಿದ್ದು ಹಿಮಾಲಯದಂತೆ ಮೇಲೇಳುತ್ತದೆ. ಮೂರನೆಯದರಲ್ಲಿ ಎರಡೂ ಫಲಕಗಳು ಒಂದರ ಮಗ್ಗುಲಿಗೆ ಇನ್ನೊಂದು ಉಜ್ಜಿಕೊಂಡು ಸಾಗುತ್ತವೆ; ಅಮೆರಿಕದ ಕ್ಯಾಲಿಫೋರ್ನಿಯ ಇದಕ್ಕೆ ನಿದರ್ಶನ.

ಇನ್ನು ಸ್ತರಭಂಗವೆಂದರೇನು? ಬಂಡೆ ಬಿರಿದು, ಬಿರುಕಿನ ಎರಡು ಬದಿಗಳು ಒಂದನ್ನೊಂದು ಬಿಟ್ಟು ಸರಿದಿದ್ದರೆ ಅದು ಸ್ತರಭಂಗ. ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ಎರೆಹೊಲಗಳಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕು ಬಿಡುತ್ತವಲ್ಲ, ಅವಕ್ಕೂ ಇದಕ್ಕೂ ಸಂಬಂಧವಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವುದರಿಂದ ಆ ಬಿರುಕು. ಮೊದಲ ಮಳೆಗೆ ಮುಚ್ಚಿಕೊಳ್ಳುತ್ತದೆ. ಸ್ತರಭಂಗವಾದರೋ ಕಿಲೋಮೀಟರುಗಟ್ಟಲೆ ಆಳಕ್ಕಿಳಿದ ಗಾಯ.

ಬೆಟಗೇರಿಯ ಮಗ್ಗಗಳನ್ನು ಕಂಡವರಿಗೆ ಭೂಕಂಪದ ರಹಸ್ಯ ಬೇಗ ತಿಳಿದೀತು. ನೂಲಿನ ಎಳೆಯನ್ನು ಎಳೆದು ಬಿಗಿದಷ್ಟೂ ಅದು ತಾಳಿಕೊಳ್ಳುತ್ತದೆ. ತಾಳಲಾರದಾದಾಗ ಒಮ್ಮೆಲೆ ತುಂಡಾಗಿ ಎರಡು ತುದಿಗಳೂ ಹಿಂದಕ್ಕೆ ಹಾರುತ್ತವೆ. ಬಂಡೆಯೂ ಹಾಗೆಯೇ. ಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರು ಸರಿಯುತ್ತಲೇ ಇದ್ದರೂ ಸ್ತರಭಂಗದ ಎರಡು ಬದಿಗಳು ಘರ್ಷಣೆಯಿಂದ ಕಚ್ಚಿಕೊಂಡಿರುತ್ತವೆ. ನೂರಾರು, ಕೆಲವೆಡೆ ಸಾವಿರಾರು ವರ್ಷ ಬಿಗಿ ಕೂಡುತ್ತ ಹೋಗಿ, ಒಂದು ದಿನ ಕಚ್ಚು ತಪ್ಪುತ್ತದೆ. ಅಷ್ಟು ಕಾಲದ ಶಕ್ತಿ ಕೆಲವು ಕ್ಷಣಗಳಲ್ಲಿ ಅಲೆಗಳಾಗಿ ಹೊರಬೀಳುತ್ತದೆ. ೧೯೦೬ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ ಹ್ಯಾರಿ ರೀಡ್ ಎಂಬ ಅಮೆರಿಕನ್ ವಿದ್ವಾಂಸನು ಕೊಟ್ಟ ವಿವರಣೆಯ ಸಾರವಿದು. ಭೂಕಂಪದ ಪ್ರಮಾಣದಲ್ಲಿ ಒಂದು ಅಂಕಿ ಹೆಚ್ಚಿದರೆ ಶಕ್ತಿ ಸುಮಾರು ಮೂವತ್ತೆರಡು ಪಟ್ಟು ಹೆಚ್ಚುತ್ತದೆ.

ಜ್ವಾಲಾಮುಖಿಗೂ ಮೂಲ ಇದೇ ಚಲನೆ. ಫಲಕಗಳು ಅಗಲುವಲ್ಲಿ ಒತ್ತಡ ಕಡಿಮೆಯಾಗಿ ಹೊದಿಕೆಯ ಕಲ್ಲು ಕರಗುತ್ತದೆ. ಒಂದು ಫಲಕ ಇನ್ನೊಂದರ ಕೆಳಗೆ ಇಳಿಯುವಲ್ಲಿ, ಅದು ಹೊತ್ತೊಯ್ದ ನೀರಿನ ಅಂಶ ಮೇಲಿನ ಕಲ್ಲಿಗೆ ಸೇರಿ ಅದು ಬೇಗ ಕರಗುವಂತೆ ಮಾಡುತ್ತದೆ. ಭಾರತದ ಏಕಮಾತ್ರ ಸಜೀವ ಜ್ವಾಲಾಮುಖಿಯಾದ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ ಈ ಎರಡನೆಯ ಬಗೆಯದು. ೨೦೦೪ರ ಡಿಸೆಂಬರ್ ೨೬ರಂದು ಸುನಾಮಿಯನ್ನೆಬ್ಬಿಸಿದ ಸುಮಾತ್ರಾದ ಭೂಕಂಪವೂ ಅದೇ ಅಂಚಿನ ಸಂತಾನ. ಅಂಚಿನಿಂದ ದೂರದಲ್ಲಿಯೂ, ಆಳದಿಂದ ಏಳುವ ಬಿಸಿಯ ಕಂಬದ ಮೇಲೆ, ಜ್ವಾಲಾಮುಖಿ ಹುಟ್ಟುವುದುಂಟು. ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ದಖ್ಖನವನ್ನು ಮುಚ್ಚಿದ ಲಾವಾ ಹೀಗೆ ಬಂದದ್ದೆಂದು ಬಹುಮಂದಿ ವಿದ್ವಾಂಸರ ಮತ. ಅದು ಬೆಳಗಾವಿ, ವಿಜಯಪುರಗಳವರೆಗೆ ಹರಿದು ಬಂತು. ನಮ್ಮ ತಾಲ್ಲೂಕುಗಳನ್ನು ಮುಟ್ಟಲಿಲ್ಲ.

ಹಾಗಾದರೆ ನಮ್ಮದೇನು? ನಮ್ಮದು ಅದಕ್ಕಿಂತ ಬಹಳ ಹಳೆಯ ಕಥೆ. ಗದಗ ಸಮೀಪದ ಬಿಂಕದಕಟ್ಟಿಯಿಂದ ಹೊರಟು ಶಿರಹಟ್ಟಿ, ಮುಂಡರಗಿಗಳನ್ನು ಹಾಯ್ದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ೬೦ ಕಿಲೋಮೀಟರಿಗೂ ಮಿಕ್ಕಿ ಚಾಚಿದೆ ನಮ್ಮ ಕಪ್ಪತಗುಡ್ಡ. ಗಿಡಮೂಲಿಕೆಗಳಿಂದ ಅದು ಹೆಸರಾಗಿದೆ. ಅದರ ಕಲ್ಲುಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಶಿಲೆಗಳಿಗೆ ನಮ್ಮ ಧಾರವಾಡದ ಹೆಸರನ್ನೇ ಇಟ್ಟರು. ಜಗತ್ತಿನ ಭೂವಿಜ್ಞಾನದ ಗ್ರಂಥಗಳಲ್ಲಿ ಆ ಹೆಸರು ಇಂದಿಗೂ ಇದೆ. ಈ ಶಿಲಾಪಟ್ಟಿ ದಕ್ಷಿಣಕ್ಕೆ ಚಿತ್ರದುರ್ಗದತ್ತ ಮುಂದುವರಿಯುತ್ತದೆ. ಅಲ್ಲಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾಶಿಲೆಗಳಿವೆ. ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಮಾತ್ರ ಆ ಆಕಾರ ಬರುವುದು. ಎಂದರೆ ಇಂದು ಹನಿ ಮಳೆಗಾಗಿ ಮುಗಿಲು ನೋಡುವ ಈ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಅದರ ತಳದಲ್ಲಿ ಜ್ವಾಲಾಮುಖಿಗಳಿದ್ದವು.

ಆ ಲಾವಾ, ಆ ಕೆಸರು ಮುಂದೆ ಹೂತುಹೋಗಿ, ಶಾಖಕ್ಕೂ ಒತ್ತಡಕ್ಕೂ ಸಿಕ್ಕು ರೂಪಾಂತರ ಹೊಂದಿದವು. ಲಕ್ಕುಂಡಿ, ಡಂಬಳಗಳ ಗುಡಿಗಳಲ್ಲಿ ಶಿಲ್ಪಿಗಳು ಬೆಣ್ಣೆಯಂತೆ ಕೊರೆದ ಹಸಿರುಬೂದು ಬಣ್ಣದ ಮೆದು ಕಲ್ಲು ಇಂಥ ರೂಪಾಂತರದ ಫಲ. ಗದಗದಿಂದ ಮಂಡ್ಯದತ್ತ ಸಾಗುವ ಒಂದು ಪ್ರಾಚೀನ ಕತ್ತರಿಪಟ್ಟಿಯನ್ನೂ ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕರ್ನಾಟಕದ ನೆಲದ ಪೂರ್ವ, ಪಶ್ಚಿಮ ಖಂಡಗಳು ಅಲ್ಲಿ ಕೂಡುತ್ತವೆಂದು ಹೇಳುತ್ತಾರೆ. ಬಂಡೆ ಬಿರಿದ ಸಂದುಗಳಲ್ಲಿ ಬಿಸಿನೀರು ಹೊತ್ತು ತಂದ ಬಂಗಾರವೇ ಕಬಲಾಯತಕಟ್ಟಿ, ಹೊಸೂರು ಕಡೆಯ ಹಳೆಯ ಗಣಿಗಳಿಗೆ ಕಾರಣವಾಯಿತು. ಅಷ್ಟು ಪುರಾತನ ಕಾಲದಲ್ಲಿ ಫಲಕಗಳು ಇಂದಿನಂತೆಯೇ ಚಲಿಸುತ್ತಿದ್ದವೇ ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ನೆಲ ಒತ್ತಿತು, ಬಿರಿಯಿತು, ಕರಗಿತು ಎಂಬುದಂತೂ ಕಲ್ಲಿನಲ್ಲಿಯೇ ಬರೆದಿದೆ.

ಇಂದು ನಾವು ಭಾರತದ ಫಲಕದ ಒಳಭಾಗದಲ್ಲಿದ್ದೇವೆ, ಅಂಚು ಬಹುದೂರ. ಹಾಗಾದರೆ ನಾವು ನಿಶ್ಚಿಂತರೋ? ಇಲ್ಲಿಯೇ ಎಚ್ಚರ ಬೇಕು. ನಮ್ಮ ಫಲಕ ಇಂದಿಗೂ ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಂತೆ ಉತ್ತರಕ್ಕೆ ಸಾಗಿ ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲಿಯೇ ತೀರುವುದಿಲ್ಲ. ಫಲಕದ ಮೈಯೆಲ್ಲ ಹರಡುತ್ತದೆ. ಎಲ್ಲಿ ಹಳೆಯ ದುರ್ಬಲ ಬಿರುಕಿದೆಯೋ ಅಲ್ಲಿ ಅದು ಎಂದೋ ಒಮ್ಮೆ ಹೊರಬೀಳುತ್ತದೆ. ೧೮೪೩ರ ಏಪ್ರಿಲ್ ೧ರಂದು ನಮ್ಮ ನೆರೆಯ ಬಳ್ಳಾರಿ ಸೀಮೆ ನಡುಗಿತು. ೧೯೬೭ರ ಡಿಸೆಂಬರ್ ೧೧ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾದಲ್ಲಿ ೬.೩ ಪ್ರಮಾಣದ ಭೂಕಂಪವಾಯಿತು. ಅಲ್ಲಿ ಅಣೆಕಟ್ಟಿನ ನೀರಿನ ಭಾರವೂ, ಬಿರುಕಿಗೆ ಇಳಿದ ನೀರೂ ಕಚ್ಚು ತಪ್ಪಿಸಲು ನೆರವಾದವೆಂದು ಶಾಸ್ತ್ರಜ್ಞರು ಹೇಳುತ್ತಾರೆ.

ಎಲ್ಲಕ್ಕಿಂತ ಘೋರವಾದದ್ದು ಕಿಲ್ಲಾರಿಯದು. ಲಾತೂರ ಜಿಲ್ಲೆಯ ಈ ಊರು ಗದಗದಿಂದ ಸುಮಾರು ೩೦೦ ಕಿಲೋಮೀಟರು ದೂರ. ಅಂದಿನ ಭೂಕಂಪದ ನಕಾಶೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. ೧೯೯೩ರ ಸೆಪ್ಟೆಂಬರ್ ೩೦ರಂದು, ಗಣೇಶನನ್ನು ಕಳಿಸಿ ಬಂದು ಜನ ಮಲಗಿದ್ದಾಗ, ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು ನೆಲ ನಡುಗಿತು. ಪ್ರಮಾಣ ೬ನ್ನು ತುಸು ಮೀರಿತ್ತು. ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಹೋಯಿತೆನ್ನುತ್ತಾರೆ. ಇದಕ್ಕಿಂತ ದೊಡ್ಡ ಕಂಪನಗಳಾದರೂ ಜಪಾನದಲ್ಲಿ ಎಷ್ಟೋ ಸಲ ಜನ ಉಳಿಯುತ್ತಾರೆ. ಇಲ್ಲಿ ಹೀಗೇಕಾಯಿತು?

ಉತ್ತರ ಮನೆಗಳಲ್ಲಿದೆ. ಕಿಲ್ಲಾರಿಯ ಮನೆಗಳು ನಮ್ಮ ಮನೆಗಳಂಥವೇ. ದಪ್ಪ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಮಣ್ಣು, ಮೇಲೆ ತೊಲೆ-ಜಂತಿ, ಅದರ ಮೇಲೆ ವರ್ಷ ವರ್ಷ ಹೊಸ ಮಣ್ಣು ಹಾಕಿ ಮೊಳದುದ್ದ ಏರಿದ ಮಾಳಿಗೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಬಡವನಿಗೆ ಇದಕ್ಕಿಂತ ಒಳ್ಳೆಯ ಮನೆಯಿಲ್ಲ. ಆದರೆ ಆ ಗೋಡೆ ನೋಡಲು ಒಂದಾದರೂ ನಿಜವಾಗಿ ಎರಡು: ಒಳಮುಖದ ಕಲ್ಲಿನ ಸಾಲೊಂದು, ಹೊರಮುಖದ ಸಾಲೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ನೆಲ ಅಡ್ಡಡ್ಡ ಅಲುಗಿದಾಗ ಎರಡು ಸಾಲುಗಳೂ ಬೇರೆಯಾಗಿ ಹೊರಕ್ಕೂ ಒಳಕ್ಕೂ ಬಿದ್ದವು. ಟನ್ನುಗಟ್ಟಲೆ ಮಣ್ಣು ಮಲಗಿದವರ ಮೇಲೆ ಕುಸಿಯಿತು. ಮರದ ಕಂಬ-ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತ ಮನೆಗಳು ಉಂಟು.

ನಮ್ಮ ತಂದೆ ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಿಲ್ಲಾರಿಯ ಗೋಡೆಗಳ ವಿಷಯ ಓದಿದಾಗ ಅವರಿಗೆ ಹೇಳಿದೆ. ಅವರು ಕೆಲಸ ಬಿಡದೆಯೇ ಹೇಳಿದರು: "ಕಲ್ಲು ಎಷ್ಟು ದೊಡ್ಡದರ ಇರಲಿ ತಮ್ಮಾ, ಒಂದನ್ನೊಂದು ಹಿಡಕೊಂಡಿಲ್ಲಂದ್ರ ಅದು ಗೋಡಿ ಅಲ್ಲ, ಕಲ್ಲಿನ ಗುಂಪಿ." ಗೋಡೆಯ ದಪ್ಪವನ್ನೆಲ್ಲ ದಾಟಿ ಎರಡೂ ಮುಖಗಳನ್ನು ಹಿಡಿಯುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಇಡಬೇಕೆಂಬುದು ಅವರ ಗುರುಗಳು ಕಲಿಸಿದ ಪಾಠವಂತೆ. ಖರ್ಚು ಉಳಿಸಲು ಅದನ್ನು ಬಿಡುವವರೇ ಈಗ ಹೆಚ್ಚು ಎಂದೂ ಅವರು ನೊಂದುಕೊಂಡರು. ಕಿಲ್ಲಾರಿಯ ನಂತರ ಇಂಜಿನಿಯರರು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದ ಒಂದು ಇದೇ. ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿದು ಬಿಗಿಯುವ ಕಾಂಕ್ರೀಟಿನ ಅಥವಾ ಮರದ ಪಟ್ಟಿ, ಮೂಲೆಗಳಲ್ಲಿ ಗೋಡೆಗಳ ಹೆಣಿಗೆ, ಮಾಳಿಗೆಯ ಮಣ್ಣನ್ನು ತೆಳುಗೊಳಿಸುವುದು - ಇವು ಉಳಿದವು. ಯಾವುದೂ ಶ್ರೀಮಂತರಿಗೆ ಮಾತ್ರ ಸಾಧ್ಯವಾದ ಕೆಲಸವಲ್ಲ.

ಭೂಕಂಪದ ದಿನವನ್ನೂ ಗಂಟೆಯನ್ನೂ ಮುಂದಾಗಿ ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ. ಹಾಗೆ ಹೇಳುವೆನೆಂದು ಬರುವವರನ್ನು ನಂಬಬಾರದು. ಕರ್ನಾಟಕದ ಬಹುಭಾಗ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿದೆ. ಆದ್ದರಿಂದ ಹೆದರಿ ನಿದ್ದೆಗೆಡಬೇಕಾದದ್ದೂ ಇಲ್ಲ. ಆದರೆ ಕಿಲ್ಲಾರಿಯ ನಂತರ ನಕಾಶೆಯನ್ನು ತಿದ್ದಿದಾಗ, ೨೦೦೨ರಲ್ಲಿ, ಆ ಮೊದಲನೆಯ ವಲಯವನ್ನೇ ತೆಗೆದುಹಾಕಿದರೆಂಬುದನ್ನು ನೆನಪಿಡಬೇಕು. ಭಯವೇ ಇಲ್ಲದ ನೆಲವೆಂಬುದು ಇಲ್ಲವೆಂದು ಶಾಸ್ತ್ರವೇ ಒಪ್ಪಿಕೊಂಡಂತಾಯಿತು.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಇಂಥ ಮಣ್ಣಿನ ಮಾಳಿಗೆಯ ಮನೆಗಳಿಂದಲೇ ಈ ಕಾಲೇಜಿಗೆ ಬಂದವರು. ನಾಳೆ ನಾವು ಶಿಕ್ಷಕರೋ, ಕಾರಕೂನರೋ, ಪಂಚಾಯಿತಿಯ ಸದಸ್ಯರೋ ಆಗಿ ಊರಿಗೆ ಮರಳುತ್ತೇವೆ. ಫಲಕಗಳನ್ನು ತಡೆಯುವುದು ನಮ್ಮಿಂದಾಗದು. ಊರಲ್ಲಿ ಮುಂದಿನ ಗೋಡೆ ಏಳುವಾಗ ಗೌಂಡಿಯ ಪಕ್ಕದಲ್ಲಿ ನಿಂತು, ಎರಡೂ ಮುಖಗಳನ್ನು ಹಿಡಿಯುವ ಕಲ್ಲು ಬಿತ್ತೇ ಎಂದು ಕೇಳುವುದು ನಮ್ಮಿಂದಾಗುತ್ತದೆ. ಕಲಿತದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ.